ಔಷಧೀಯ ಎಲೆಗಳ ಸಾರ: ತಟ್ಟೆಯಲ್ಲಿ ಕಂಡದ್ದು ತೋಟದಲ್ಲಿ ನಿಲ್ಲುವುದೇ?



ಮುಂಗಾರಿಗೆ ಮುಂಚೆ ಸಂಘದ ಗೋದಾಮಿಗೆ ಮೈಲುತುತ್ತ ಕೊಳ್ಳಲು ಬಂದ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದರು. “ವೀಳ್ಯದೆಲೆ, ತುಳಸಿ, ಲಕ್ಕಿಸೊಪ್ಪಿನ ಸಾರಕ್ಕೆ ಬೂಷ್ಟನ್ನು ಕೊಲ್ಲುವ ಶಕ್ತಿ ಇದೆಯೆಂದು ವಿಜ್ಞಾನಿಗಳೇ ಹೇಳಿದ್ದಾರಂತೆ. ಮಗ ಮೊಬೈಲಿನಲ್ಲಿ ಓದಿ ಹೇಳಿದ. ಎಲೆಯೆಲ್ಲ ನಮ್ಮ ತೋಟದಲ್ಲೇ ಇರುವಾಗ ಈ ಮೈಲುತುತ್ತಕ್ಕೆ ದುಡ್ಡು ಸುರಿಯುವುದೇಕೆ ಸ್ವಾಮಿ?” ಪಕ್ಕದಲ್ಲಿದ್ದ ಇನ್ನೊಬ್ಬ ಸದಸ್ಯರು ತಮ್ಮ ಅನುಭವ ಹೇಳಿದರು. ಹಿಂದಿನ ಮಳೆಗಾಲದಲ್ಲಿ ಅವರು ಎರಡನೆಯ ಸಲದ ಬೋರ್ಡೋ ಬಿಟ್ಟು ಇಡೀ ತೋಟಕ್ಕೆ ಸೊಪ್ಪಿನ ಕಷಾಯ ಹೊಡೆಸಿದ್ದರು. ಶ್ರಾವಣ ಮುಗಿಯುವುದರೊಳಗೆ ಮರದ ಬುಡದಲ್ಲೆಲ್ಲ ಕೊಳೆತ ಕಾಯಿ ಬಿದ್ದವು. “ಕಷಾಯ ಸರಿ ಇರಲಿಲ್ಲವೋ, ಮಳೆಯೇ ಹೆಚ್ಚಾಯಿತೋ, ಇವತ್ತಿಗೂ ಗೊತ್ತಾಗಿಲ್ಲ” ಎಂದರು.

ಮೊದಲನೆಯವರ ಪ್ರಶ್ನೆಯಲ್ಲಿ ಹುರುಳಿದೆ, ಎರಡನೆಯವರ ಮಾತಿನಲ್ಲಿ ಪಾಠವಿದೆ. ಎಲೆಗಳಲ್ಲಿ ಗುಣವಿರುವುದು ಸುಳ್ಳಲ್ಲ. ಆದರೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಕಂಡ ಗುಣವೇ ಬೇರೆ, ಜಡಿಮಳೆಯಲ್ಲಿ ಗೊನೆಯನ್ನು ಕಾಯುವ ಗುಣವೇ ಬೇರೆ. ಈ ಎರಡರ ನಡುವಿನ ದೂರವನ್ನು ಅಳೆಯುವುದು ಹೇಗೆಂದು ಈ ಲೇಖನದಲ್ಲಿ ವಿಚಾರ ಮಾಡೋಣ.

ಸಾರ ಎಂದರೇನು?

ಸಾರ ತೆಗೆಯುವುದು ನಮಗೆ ಹೊಸದಲ್ಲ. ಹಸಿ ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದ ಚೊಗರು ಒಂದು ಸಾರವೇ. ಕಾಫಿಪುಡಿಯ ಮೇಲೆ ಕುದಿನೀರು ಸುರಿದು ಇಳಿಸಿದ ಡಿಕಾಕ್ಷನ್ ಇನ್ನೊಂದು ಸಾರ. ಅದೇ ಪುಡಿಗೆ ತಣ್ಣೀರು ಸುರಿದರೆ ಬಣ್ಣ, ರುಚಿ, ಕಹಿ ಎಲ್ಲವೂ ಬದಲಾಗುತ್ತವೆ. ಪುಡಿ ಒಂದೇ ಆದರೂ ಯಾವ ದ್ರವದಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಇಟ್ಟೆವು ಎಂಬುದರ ಮೇಲೆ ಹೊರಬರುವ ವಸ್ತು ನಿರ್ಧಾರವಾಗುತ್ತದೆ.

ಎಲೆಗೂ ಇದೇ ನಿಯಮ. ಕೆಲವು ವಸ್ತುಗಳು ನೀರಿನಲ್ಲಿ ಕರಗುತ್ತವೆ. ಕೆಲವು ಮದ್ಯಸಾರದಲ್ಲಿ ಅಥವಾ ಅಸಿಟೋನಿನಲ್ಲಿ ಮಾತ್ರ ಚೆನ್ನಾಗಿ ಕರಗುತ್ತವೆ. ಕೆಲವು ಕುದಿಸಿದರೆ ಆವಿಯಾಗಿ ಹಾರಿಹೋಗುತ್ತವೆ, ಇನ್ನು ಕೆಲವು ಶಾಖಕ್ಕೆ ಕೆಡುತ್ತವೆ. ಆದ್ದರಿಂದ “ವೀಳ್ಯದೆಲೆಯ ಸಾರ” ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ.

ಇದಕ್ಕೆ ಜಗತ್ಪ್ರಸಿದ್ಧವಾದ ಒಂದು ಉದಾಹರಣೆ ಇದೆ. ನಮ್ಮ ದವನದ ಜಾತಿಗೇ ಸೇರಿದ ಆರ್ಟಿಮಿಸಿಯಾ ಆನ್ಯುವಾ ಎಂಬ ಗಿಡದ ಎಲೆಯನ್ನು ಚೀನಾದಲ್ಲಿ ಹಿಂದಿನಿಂದಲೂ ಜ್ವರಕ್ಕೆ ಬಳಸುತ್ತಿದ್ದರು. ಅದರಿಂದ ಮಲೇರಿಯಾಕ್ಕೆ ಮದ್ದು ತೆಗೆಯಲು ಹೊರಟ ತು ಯೂಯೂ ಎಂಬ ವಿಜ್ಞಾನಿಗೆ ಬಿಸಿ ಮಾಡಿ ತೆಗೆದ ಸಾರದಿಂದ ಭರವಸೆಯ ಫಲ ಸಿಗಲಿಲ್ಲ. ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದು ಹಳೆಯ ವೈದ್ಯಗ್ರಂಥವೊಂದರಲ್ಲಿ ಹೇಳಿತ್ತು. ಕುದಿಸುವ ಮಾತು ಅಲ್ಲಿರಲಿಲ್ಲ. ಈ ಸುಳಿವು ಹಿಡಿದು 1971ರಲ್ಲಿ ಅವರು ಕಡಿಮೆ ಶಾಖದಲ್ಲಿ ಈಥರ್ ದ್ರವದಿಂದ ಸಾರ ತೆಗೆದಾಗ ಕೆಲಸವಾಯಿತು. ಮುಂದೆ ಆರ್ಟಿಮಿಸಿನಿನ್ ಎಂಬ ಔಷಧ ಬಂದು ಲಕ್ಷಾಂತರ ಜೀವ ಉಳಿಯಿತು. 2015ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ದೊರೆಯಿತು. ಎಲೆಯನ್ನು ಹಗುರವಾಗಿ ಕಾಣಬಾರದೆಂಬುದಕ್ಕೂ, ಸಾರ ತೆಗೆಯುವ ಕ್ರಮ ಎಷ್ಟು ಮುಖ್ಯವೆಂಬುದಕ್ಕೂ ಈ ಒಂದು ಕಥೆ ಸಾಕು.

ಉತ್ಕರ್ಷಣವನ್ನು ತಡೆಯುವ ಗುಣ

ಹೆಚ್ಚಿಟ್ಟ ಬಾಳೆದಿಂಡು ಗಾಳಿಗೆ ಕಪ್ಪಾಗುತ್ತದೆ. ಅದಕ್ಕೇ ಮನೆಯ ಹೆಂಗಸರು ಹೆಚ್ಚಿದ ಕೂಡಲೇ ಅದನ್ನು ಮಜ್ಜಿಗೆ ನೀರಿಗೆ ಹಾಕುತ್ತಾರೆ. ಹಳೆಯ ಎಣ್ಣೆ, ತುಪ್ಪ ಕಮಟು ವಾಸನೆ ಹಿಡಿಯುತ್ತವೆ. ಇವೆಲ್ಲ ಗಾಳಿಯ ಆಮ್ಲಜನಕ ವಸ್ತುವಿನೊಡನೆ ಕೂಡಿ ನಡೆಸುವ ಬದಲಾವಣೆ. ಇದಕ್ಕೆ ಉತ್ಕರ್ಷಣವೆಂದು ಹೆಸರು. ಎಣ್ಣೆ ಕಮಟುವಾಗ, ಜೊತೆ ತಪ್ಪಿದ ಎಲೆಕ್ಟ್ರಾನುಳ್ಳ ಚುರುಕು ಕಣಗಳು ಹುಟ್ಟಿ, ಒಂದರಿಂದ ಇನ್ನೊಂದಕ್ಕೆ ಬೆಂಕಿ ಹಬ್ಬಿದಂತೆ ಹಬ್ಬುತ್ತವೆ. ಈ ಸರಪಳಿಯನ್ನು ನಡುವೆ ತುಂಡರಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು; ಆಂಟಿಆಕ್ಸಿಡೆಂಟ್ ಎಂದು ಪತ್ರಿಕೆಗಳಲ್ಲಿ ನಾವು ಓದುವುದು ಇವನ್ನೇ. ಚೊಗರಿನ ಒಗರಿಗೆ ಕಾರಣವಾದ ಟ್ಯಾನಿನ್, ಹಸಿರು ಕಾಫಿಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ, ವೀಳ್ಯದೆಲೆಯ ಹೈಡ್ರಾಕ್ಸಿಚವಿಕಾಲ್ ಎಲ್ಲವೂ ಈ ಗುಂಪಿನವು.

ಪ್ರಯೋಗಶಾಲೆಯಲ್ಲಿ ಈ ಗುಣವನ್ನು ಅಳೆಯಲು ಸುಲಭವಾದ ಒಂದು ಪರೀಕ್ಷೆ ಇದೆ. ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣ ಗಾಢ ನೇರಳೆ ಬಣ್ಣದ್ದು. ಅದಕ್ಕೆ ಎಲೆಸಾರ ಬೆರೆಸಿದಾಗ ಬಣ್ಣ ಕಳೆದು ಹಳದಿಯತ್ತ ತಿರುಗಿದರೆ ಸಾರಕ್ಕೆ ಆ ಶಕ್ತಿ ಇದೆಯೆಂದು ಅರ್ಥ. 1958ರಲ್ಲಿ ಬ್ಲಾಯ್ಸ್ ಎಂಬ ವಿಜ್ಞಾನಿ ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅರ್ಧದಷ್ಟು ಬಣ್ಣ ಕಳೆಯಲು ಎಷ್ಟು ಸಾರ ಬೇಕಾಯಿತೆಂದು ಲೆಕ್ಕ ಹಾಕುತ್ತಾರೆ. ಈ ಅಂಕಿ ಕಡಿಮೆಯಾದಷ್ಟೂ ಸಾರದ ಶಕ್ತಿ ಹೆಚ್ಚು. ಹೆಚ್ಚು ಅಂಕಿ ಕಂಡು ಹೆಚ್ಚು ಗುಣವೆಂದು ತಿಳಿದು ಮೋಸಹೋಗಬಾರದು.

ಈ ಗುಣದ ನಿಜವಾದ ಉಪಯೋಗ ನಮ್ಮ ಅಡಿಗೆಮನೆಯಲ್ಲೇ ಇದೆ. ಬೆಣ್ಣೆ ಕಾಯಿಸುವಾಗ ಒಂದು ವೀಳ್ಯದೆಲೆಯನ್ನೋ ಕರಿಬೇವಿನ ಎಸಳನ್ನೋ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ತುಪ್ಪ ಬೇಗ ಕಮಟದಂತೆ ಈ ಎರಡೂ ಎಲೆಗಳು ತಡೆಯುತ್ತವೆಂಬುದನ್ನು 1979ರಲ್ಲಿಯೇ ನಮ್ಮ ದೇಶದ ಆಹಾರ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಬೇಕಾದವರು ಒಂದೇ ಬೆಣ್ಣೆಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಎಲೆ ಹಾಕಿ ಕಾಯಿಸಿ, ಒಂದಕ್ಕೆ ಹಾಕದೆ ಕಾಯಿಸಿ, ಒಂದೇ ಬಗೆಯ ಸೀಸೆಗಳಲ್ಲಿ ಪಕ್ಕಪಕ್ಕ ಇಟ್ಟು ತಿಂಗಳಿಗೊಮ್ಮೆ ಮೂಸಿ ನೋಡಬಹುದು. ಶಾಲೆಯ ಮಕ್ಕಳಿಗೂ ಇದು ಒಳ್ಳೆಯ ಪಾಠ.

ಆದರೆ ಸೀಸೆಯ ತುಪ್ಪವೇ ಬೇರೆ, ಮನುಷ್ಯನ ದೇಹವೇ ಬೇರೆ. ಉತ್ಕರ್ಷಣ ನಿರೋಧಕವೆಂದು ಹೆಸರಾದ ಬೀಟಾ ಕ್ಯಾರೊಟಿನ್ ಮಾತ್ರೆಯನ್ನು ಫಿನ್‌ಲ್ಯಾಂಡಿನಲ್ಲಿ ಧೂಮಪಾನಿಗಳಿಗೆ ಕೊಟ್ಟು ನೋಡಿದರು. ಸುಮಾರು 29,000 ಗಂಡಸರ ಮೇಲೆ ನಡೆದ ಈ ಪರೀಕ್ಷೆಯ ಫಲ 1994ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದೆಂದು ಎಣಿಸಿದ್ದರೆ, ಮಾತ್ರೆ ತಿಂದವರಲ್ಲಿ ಅದು ಹೆಚ್ಚೇ ಕಂಡಿತು. ಬಣ್ಣ ಕಳೆಯುವ ವಸ್ತುವೆಲ್ಲ ರೋಗ ಕಳೆಯುವುದಿಲ್ಲ.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಮುಚ್ಚಿಡದೆ ಹೇಳಬೇಕು. ವೀಳ್ಯದೆಲೆಯಲ್ಲಿ ಒಳ್ಳೆಯ ಗುಣವಿದೆ ಎಂಬ ನೆಪದಲ್ಲಿ ಹೊಗೆಸೊಪ್ಪು ಸೇರಿಸಿದ ಕವಳವನ್ನು ಸಮರ್ಥಿಸಿಕೊಳ್ಳುವುದು ಸಲ್ಲದು. ಅದು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಹೊಗೆಸೊಪ್ಪಿಲ್ಲದ ಕವಳವನ್ನೂ, ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟವಾದ ತನ್ನ ಸಂಪುಟದಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆಯಿಂದಲೇ ಅನ್ನ ತಿನ್ನುವ ನಮಗೆ ಇದು ಹಿತವಾದ ಸುದ್ದಿಯಲ್ಲ. ಆದರೂ ತಿಳಿದಿರಬೇಕಾದ ಸುದ್ದಿ.

ಸೂಕ್ಷ್ಮಾಣುಗಳನ್ನು ತಡೆಯುವ ಗುಣ

ಎರಡನೆಯ ಗುಣವನ್ನು ಅಳೆಯುವ ಕ್ರಮ ಹೀಗಿದೆ. ಗಾಜಿನ ತಟ್ಟೆಯಲ್ಲಿ ಅಗಾರ್ ಎಂಬ ಲೋಳೆಯಂಥ ಪೋಷಕವನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರವನ್ನು ಹರಡುತ್ತಾರೆ. ಸಾರದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಒಂದೆರಡು ದಿನದಲ್ಲಿ ತಟ್ಟೆಯೆಲ್ಲ ಬೂಷ್ಟು ಬೆಳೆದು ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ವೃತ್ತ ಉಳಿದರೆ ಸಾರ ಕೆಲಸ ಮಾಡಿದೆಯೆಂದು ಅರ್ಥ. ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ.

ನಮ್ಮ ಹಿತ್ತಲಿನ ಹಲವು ಎಲೆಗಳು ಈ ಪರೀಕ್ಷೆಯಲ್ಲಿ ಗೆದ್ದಿವೆ. ತುಳಸಿಯ ಎಣ್ಣೆಯಲ್ಲಿ ಲವಂಗದಲ್ಲಿರುವ ಯೂಜಿನಾಲ್ ಇದೆ. ದೊಡ್ಡಪತ್ರೆಯ ಘಾಟಿಗೆ ಕಾರ್ವಕ್ರಾಲ್ ಮತ್ತು ಥೈಮಾಲ್ ಕಾರಣ. ಥೈಮಾಲ್ ಓಮದಲ್ಲೂ ಇರುವುದರಿಂದಲೇ ಎರಡರ ವಾಸನೆಯಲ್ಲಿ ಹೋಲಿಕೆಯಿದೆ. ಪೇರಳೆಯ ಎಲೆಯಲ್ಲಿ ಟ್ಯಾನಿನ್ ಹೇರಳ. ವೀಳ್ಯದೆಲೆಯಲ್ಲಿ ಚವಿಬೆಟಾಲ್, ಹೈಡ್ರಾಕ್ಸಿಚವಿಕಾಲ್ ಮುಂತಾದವು ಇವೆ. ಇವುಗಳಲ್ಲಿ ಎಷ್ಟೋ ವಸ್ತುಗಳು ಸೂಕ್ಷ್ಮಾಣುವಿನ ಹೊರಪೊರೆಯನ್ನು ಸಡಿಲಿಸಿ ಒಳಗಿನದು ಸೋರುವಂತೆ ಮಾಡುತ್ತವೆ.

ತಟ್ಟೆಯಿಂದ ತೋಟಕ್ಕೆ ನಾಲ್ಕು ತೊಡಕು

1. ಯಾವ ಸೂಕ್ಷ್ಮಾಣು? ಪರೀಕ್ಷೆ ಹೆಚ್ಚಾಗಿ ನಡೆಯುವುದು ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾಗಳ ಮೇಲೆ ಅಥವಾ ಆಹಾರ ಕೆಡಿಸುವ ಬೂಷ್ಟಿನ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ. ಇದು ನೋಡಲು ಶಿಲೀಂಧ್ರದಂತಿದ್ದರೂ ವಂಶದಲ್ಲಿ ಬೇರೆಯೇ. ಇದರ ಬೀಜಾಣುಗಳಿಗೆ ಬಾಲವಿದ್ದು ಅವು ನೀರಿನ ಹನಿಯಲ್ಲಿ ಈಜಿ ಹೋಗಿ ಕಾಯಿಯನ್ನು ಸೇರುತ್ತವೆ. ಕಾಫಿ ತೋಟದಲ್ಲಿಯೂ ನಾವು ಕೊಳೆರೋಗ ಎನ್ನುತ್ತೇವೆ, ಆದರೆ ಅದನ್ನು ತರುವುದು ಇನ್ನೊಂದು ಶಿಲೀಂಧ್ರ. ಕಾಫಿ ಎಲೆಯ ತುಕ್ಕಿಗೆ ಮತ್ತೊಂದು. ಹೆಸರು ಒಂದೇ ಆದ ಮಾತ್ರಕ್ಕೆ ರೋಗಾಣು ಒಂದೇ ಅಲ್ಲ. ಒಂದನ್ನು ಕೊಂದ ಸಾರ ಇನ್ನೊಂದನ್ನು ಕೊಲ್ಲಬೇಕೆಂದಿಲ್ಲ.

2. ಎಷ್ಟು ಪ್ರಮಾಣ? ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ತಟ್ಟೆಯಲ್ಲಿ ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ಒಣಸಾರ ಬೇಕಾಯಿತು ಎನ್ನಿ. ಅಂದರೆ ಲೀಟರಿಗೆ 50 ಗ್ರಾಂ, 100 ಲೀಟರಿಗೆ 5 ಕಿಲೋ ಒಣಸಾರ. ಒಣ ಎಲೆಯ ಹತ್ತರಲ್ಲೊಂದು ಪಾಲು ಸಾರ ಸಿಗುವುದಾದರೆ 50 ಕಿಲೋ ಒಣ ಎಲೆ ಬೇಕು. ಹಸಿ ಎಲೆಯಲ್ಲಿ ನೂರಕ್ಕೆ 80 ಪಾಲು ನೀರೆಂದು ಹಿಡಿದರೆ 250 ಕಿಲೋ ಹಸಿ ಎಲೆ! ಇಷ್ಟೇ 100 ಲೀಟರ್ ಬೋರ್ಡೋಗೆ ಒಂದು ಕಿಲೋ ಮೈಲುತುತ್ತ ಸಾಕು. ನಾವು ನಾಲ್ಕು ಹಿಡಿ ಸೊಪ್ಪು ಜಜ್ಜಿ ಒಂದು ಡ್ರಮ್ಮಿಗೆ ಹಾಕಿದರೆ ತಟ್ಟೆಯ ಪ್ರಮಾಣದ ಹತ್ತಿರಕ್ಕೂ ಹೋಗುವುದಿಲ್ಲ.

3. ಎಷ್ಟು ದಿನ ನಿಲ್ಲುತ್ತದೆ? ತಟ್ಟೆಯ ಮೇಲೆ ಮಳೆ ಬೀಳುವುದಿಲ್ಲ. ಎಲೆಯ ಸುವಾಸನೆಯ ಎಣ್ಣೆಗಳು ಗಾಳಿಗೆ ಹಾರುತ್ತವೆ. ಬೇವಿನ ಅಜಾಡಿರಾಕ್ಟಿನ್‌ನಂಥವು ಬಿಸಿಲಿಗೆ ಕೆಡುತ್ತವೆ. ನೀರಿನಲ್ಲಿ ಕರಗಿ ಬಂದ ವಸ್ತು ಮತ್ತೆ ಮಳೆನೀರಿನಲ್ಲೇ ಕರಗಿ ಇಳಿದುಹೋಗುತ್ತದೆ. ಮಲೆನಾಡಿನ ಜುಲೈ ಮಳೆಯಲ್ಲಿ ಅದು ಗೊನೆಯ ಮೇಲೆ ಎಷ್ಟು ಹೊತ್ತು ನಿಂತೀತು?

4. ಒಂದು ಸಲದಂತೆ ಇನ್ನೊಂದು ಸಲ ಇರುವುದೇ? ಬೇಸಿಗೆಯ ತುಳಸಿಯೂ ಮಳೆಗಾಲದ ತುಳಸಿಯೂ ಒಂದೇ ಅಲ್ಲ. ತಳಿ, ಮಣ್ಣು, ಎಲೆಯ ವಯಸ್ಸು, ಕೊಯ್ದ ಹೊತ್ತು, ನೆರಳಲ್ಲಿ ಒಣಗಿಸಿದ್ದೋ ಬಿಸಿಲಲ್ಲೋ ಎಂಬುದರ ಮೇಲೆ ಅದರೊಳಗಿನ ವಸ್ತುವಿನ ಪ್ರಮಾಣ ಏರುಪೇರಾಗುತ್ತದೆ.

ಇವೆಲ್ಲಕ್ಕೂ ಸಾಕ್ಷಿ ನಮ್ಮ ಅಡಿಕೆ ಮರದ ಮೇಲೆಯೇ ಇದೆ. ತಟ್ಟೆಯಲ್ಲಿ ಬೂಷ್ಟನ್ನು ತಡೆದ ವೀಳ್ಯದೆಲೆಯ ಬಳ್ಳಿಯೇ ಮಳೆಗಾಲದಲ್ಲಿ ಬುಡಕೊಳೆ, ಎಲೆಕೊಳೆ ಬಂದು ಸಾಯುತ್ತದೆ. ಅದನ್ನು ಕೊಲ್ಲುವುದೂ ಫೈಟಾಫ್ತೊರಾ ಬಳಗದ್ದೇ. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಅದೇ ಬಳಗದ ಕೆಲಸ. ತನ್ನ ಮೈಯಲ್ಲೇ ಆ ಮದ್ದನ್ನು ತುಂಬಿಕೊಂಡಿರುವ ಬಳ್ಳಿಗೆ ತನ್ನನ್ನು ಕಾಯ್ದುಕೊಳ್ಳಲು ಆಗದಿದ್ದಾಗ, ಅದರ ತೆಳು ಕಷಾಯ ಅಡಿಕೆ ಗೊನೆಯನ್ನು ಕಾಯುವುದೆಂದು ನಂಬುವ ಮೊದಲು ಎರಡು ಸಲ ಯೋಚಿಸಬೇಕಲ್ಲವೇ?

ಬೋರ್ಡೋ ಏಕೆ ನಿಂತಿದೆ?

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಯ ಬದಿಯ ದ್ರಾಕ್ಷಿಯನ್ನು ಕದಿಯದಿರಲೆಂದು ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಅಂಥ ಬಳ್ಳಿಗಳಲ್ಲಿ ಬೂಷ್ಟುರೋಗ ಕಡಿಮೆ ಇದ್ದುದನ್ನು ಕಂಡು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಈ ದ್ರಾವಣವನ್ನು ಪ್ರಚಾರಕ್ಕೆ ತಂದರು. ನಮ್ಮಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ಸಿಂಪಡಣೆ ನಮ್ಮ ತೋಟಗಳಿಗೆ ಬಂದದ್ದು ಆ ಕೆಲಸದಿಂದ. ನೂರು ವರ್ಷ ದಾಟಿದರೂ ಅದು ಉಳಿದಿರುವುದಕ್ಕೆ ಕಾರಣ ಸರಳ: ಮೈಲುತುತ್ತವೂ ಸುಣ್ಣವೂ ಕೂಡಿ ಆದ ನೀಲಿ ಪದರ ಕಾಯಿಗೆ ಅಂಟಿ ಕೂರುತ್ತದೆ, ಮಳೆಗೆ ಸುಲಭವಾಗಿ ತೊಳೆದುಹೋಗದೆ ತಾಮ್ರವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಈಜಿ ಬರುವ ಬೀಜಾಣು ಅದಕ್ಕೆ ಸಿಕ್ಕಿ ಸಾಯುತ್ತದೆ.

ಅಡಿಕೆಗೆ ಶೇಕಡಾ 1ರ ದ್ರಾವಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಲೋಹದ್ದಲ್ಲದ ಪಾತ್ರೆಯಲ್ಲಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40–45 ದಿನಗಳ ನಂತರ. ಬಿದ್ದ ಕಾಯಿ, ಒಣಗಿದ ಗೊನೆ ಆಯ್ದು ತೋಟದಿಂದ ಹೊರಹಾಕುವುದನ್ನು ಮರೆಯಬಾರದು.

ಬೋರ್ಡೋ ದೋಷವಿಲ್ಲದ ಮದ್ದೆಂದು ನಾವು ಹೇಳುವುದಿಲ್ಲ. ವರ್ಷ ವರ್ಷ ಬಿದ್ದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಆದ್ದರಿಂದ ಎಲೆಸಾರಗಳ ಸಂಶೋಧನೆ ನಡೆಯಲೇಬೇಕು. ಅದು ಮುಗಿಯುವವರೆಗೆ ನಮ್ಮ ವರ್ಷದ ಅನ್ನವನ್ನು ಪಣಕ್ಕಿಡಬಾರದು, ಅಷ್ಟೆ. ಮರ ಹತ್ತುವ ಕೊನೆಗಾರನ ಕೂಲಿ ಬೋರ್ಡೋಗೂ ಕಷಾಯಕ್ಕೂ ಒಂದೇ ಎಂಬುದನ್ನೂ ನೆನಪಿಡಬೇಕು.

ನೀವೇ ಪರೀಕ್ಷಿಸುವುದಾದರೆ

ಪ್ರಯೋಗ ಮಾಡುವ ಮನಸ್ಸಿದ್ದವರು ಇಡೀ ತೋಟದಲ್ಲಿ ಮಾಡಬಾರದು. ನರ್ಸರಿಯಲ್ಲಿ ಹೆಚ್ಚುವರಿಯಾಗಿರುವ ಸಸಿಗಳನ್ನು ಬೇರೆಯಿಟ್ಟು ಮೂರು ಗುಂಪು ಮಾಡಿ. ಒಂದಕ್ಕೆ ಶಿಫಾರಸಾದ ಮದ್ದು, ಒಂದಕ್ಕೆ ಎಲೆಸಾರ, ಒಂದಕ್ಕೆ ಬರಿಯ ನೀರು. ಗುಂಪಿಗೆ ಹತ್ತಕ್ಕೆ ಕಡಿಮೆ ಬೇಡ, ಹೆಚ್ಚಿದ್ದಷ್ಟೂ ಒಳ್ಳೆಯದು. ಬಣ್ಣದ ದಾರ ಕಟ್ಟಿ ಗುರುತಿಟ್ಟು ಮೂರನ್ನೂ ಬೆರಕೆಯಾಗಿ ಜೋಡಿಸಿ, ಒಂದೇ ಕಡೆ ನೆರಳು, ಇನ್ನೊಂದೇ ಕಡೆ ಬಿಸಿಲು ಎಂದಾಗಬಾರದು. ಎಲೆ ಎಷ್ಟು ತೂಕ, ನೀರೆಷ್ಟು, ಕುದಿಸಿದ್ದೋ ನೆನೆಸಿದ್ದೋ, ಯಾವ ದಿನ ಹೊಡೆದದ್ದು, ಮಳೆ ಎಷ್ಟು, ರೋಗ ಹತ್ತಿದ ಸಸಿ ಎಷ್ಟು ಎಂದು ವಾರವಾರ ಪುಸ್ತಕದಲ್ಲಿ ಬರೆಯಿರಿ.

ಬರಿಯ ನೀರಿನ ಗುಂಪನ್ನು ಬಿಡಲೇಬಾರದು. ಲೇಖನದ ಮೊದಲಲ್ಲಿ ಹೇಳಿದ ಸದಸ್ಯರಿಗೆ ಕಾರಣ ತಿಳಿಯದೆ ಹೋದದ್ದು ಇದಕ್ಕೇ. ಹೋಲಿಸಿ ನೋಡಲು ಅವರ ತೋಟದಲ್ಲಿ ಬೇರೆ ಮರವೇ ಉಳಿದಿರಲಿಲ್ಲ. ರೋಗವೇ ಬಾರದ ವರ್ಷ ಕಷಾಯ ಹೊಡೆದವರಿಗೂ ಇದೇ ಗತಿ. ಕಾಯಿ ಉಳಿದದ್ದು ಕಷಾಯದಿಂದಲೋ, ಮಳೆ ಕಡಿಮೆಯಾದದ್ದರಿಂದಲೋ ಹೇಳುವಂತಿಲ್ಲ. ಇನ್ನೊಂದು ಮಾತು: ಕೆಟ್ಟ ಸೂಕ್ಷ್ಮಾಣುವನ್ನು ಕೊಲ್ಲುವ ಸಾರ ಒಳ್ಳೆಯದನ್ನೂ ಕೊಲ್ಲಬಹುದು. ಟ್ರೈಕೋಡರ್ಮಾ ಹಾಕಿದ ಬುಡಕ್ಕೆ ಘಾಟು ಸಾರ ಸುರಿಯಬೇಡಿ.

ಮನೆಮದ್ದಿನ ವಿಷಯ

ದೊಡ್ಡಪತ್ರೆಯ ತಂಬುಳಿ, ತುಳಸಿಯ ಕಷಾಯ ನಮ್ಮ ಊಟದ, ಉಪಚಾರದ ಭಾಗ. ಆಡುಸೋಗೆಯಲ್ಲಿರುವ ವಾಸಿಸಿನ್ ಎಂಬ ವಸ್ತುವಿನ ಮಾದರಿಯಿಂದಲೇ ಬ್ರೋಮ್‌ಹೆಕ್ಸಿನ್ ಎಂಬ ಕೆಮ್ಮಿನ ಔಷಧ ಹುಟ್ಟಿತು. ಆದರೆ ಅದೇ ವಾಸಿಸಿನ್ ಗರ್ಭಕೋಶವನ್ನು ಕೆರಳಿಸುವುದರಿಂದ ಬಸುರಿಯರು ಆಡುಸೋಗೆ ಸೇವಿಸಬಾರದು. ಸೊಪ್ಪೆಂದ ಮಾತ್ರಕ್ಕೆ ಸಾಧುವಲ್ಲ. ಕಣಗಿಲೆಯೂ ಸೊಪ್ಪೇ, ಉಮ್ಮತ್ತಿಯೂ ಸೊಪ್ಪೇ.

ಮಳೆಗಾಲದ ಜ್ವರದಲ್ಲಂತೂ ಕಷಾಯವನ್ನೇ ನಂಬಿ ದಿನ ಕಳೆಯಬೇಡಿ. ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವಿದೆ. ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ, ವೈದ್ಯರು ಕೊಡುವ ಪ್ರತಿಜೀವಕವನ್ನು ಬೇಗ ತೆಗೆದುಕೊಂಡರೆ ವಾಸಿಯಾಗುತ್ತದೆ, ತಡವಾದರೆ ಮೂತ್ರಪಿಂಡ, ಪಿತ್ತಜನಕಾಂಗಗಳಿಗೆ ಪೆಟ್ಟು. ತೋಟದ ಆಳಿಗೆ ಜ್ವರ ಬಂದಾಗ ಲೋಟ ಕಷಾಯ ಕೊಟ್ಟು ಸುಮ್ಮನಾಗದೆ ಆಸ್ಪತ್ರೆಗೆ ಕಳುಹಿಸುವುದು ಯಜಮಾನನ ಕರ್ತವ್ಯ.

ನೆನಪಿಡಲು ಐದು ಪ್ರಶ್ನೆ

ಎಲೆಸಾರದ ಬಗ್ಗೆ ಏನೇ ಕೇಳಲಿ, ಓದಲಿ, ಈ ಐದನ್ನು ಕೇಳಿಕೊಳ್ಳಿ.

1. ಯಾವ ಎಲೆ, ಯಾವ ದ್ರವದಲ್ಲಿ, ಹೇಗೆ ತೆಗೆದ ಸಾರ?
2. ಯಾವ ಸೂಕ್ಷ್ಮಾಣುವಿನ ಮೇಲೆ ಪರೀಕ್ಷೆ ನಡೆಯಿತು? ಅದು ನಮ್ಮ ತೋಟದ ರೋಗಾಣುವೇ?
3. ಎಷ್ಟು ಪ್ರಮಾಣ ಬೇಕಾಯಿತು? 100 ಲೀಟರಿಗೆ ಎಷ್ಟು ಕಿಲೋ ಹಸಿ ಎಲೆ?
4. ತಟ್ಟೆಯಲ್ಲಿ ಮಾತ್ರವೋ, ಮಳೆ ಬೀಳುವ ತೋಟದಲ್ಲಿಯೂ ಕಂಡದ್ದೋ?
5. ಯಾವುದಕ್ಕೆ ಹೋಲಿಸಿ ಗುಣವೆಂದು ಹೇಳಿದರು? ಬರಿಯ ನೀರಿನ ಗುಂಪು ಇತ್ತೇ?

ಐದಕ್ಕೂ ಸರಿಯಾದ ಉತ್ತರ ಸಿಕ್ಕಿದ ದಿನ ನಾವೇ ಮೊದಲು ಆ ಸಾರವನ್ನು ನಿಮಗೆ ಶಿಫಾರಸು ಮಾಡುತ್ತೇವೆ. ಅಲ್ಲಿಯವರೆಗೆ ವೀಳ್ಯದೆಲೆ ತುಪ್ಪದ ಪಾತ್ರೆಯಲ್ಲಿರಲಿ, ದೊಡ್ಡಪತ್ರೆ ತಂಬುಳಿಯಲ್ಲಿರಲಿ, ಗೊನೆಯ ಮೇಲೆ ಮುಂಗಾರಿಗೆ ಮುಂಚೆ ನೀಲಿ ಬಣ್ಣ ಬಿದ್ದಿರಲಿ. ಸ್ವಂತ ಪ್ರಯೋಗ ನಡೆಸಿ ಲೆಕ್ಕ ಬರೆದಿಟ್ಟ ಸದಸ್ಯರು ಆ ಪುಸ್ತಕವನ್ನು ಸಂಘದ ಕಚೇರಿಗೆ ತಂದು ತೋರಿಸಬೇಕಾಗಿ ಕೋರಿಕೆ. ಗೆದ್ದ ಪ್ರಯೋಗದಷ್ಟೇ ಸೋತ ಪ್ರಯೋಗವೂ ಉಳಿದ ಬೆಳೆಗಾರರಿಗೆ ಉಪಕಾರ ಮಾಡುತ್ತದೆ.